ಊಟದ ಟೇಬಲ್ಲಿನ ಲಾರಿ

ಲಾರಿ ಬಂದು ಊಟದ ಟೇಬಲ್ಲನ್ನು ಹಿಡಿದ ಮೇಲೆ ಆ ಮನೆಯವರು ಅಡುಗೆಮನೆಯ ನೆಲದ ಮೇಲೆ ಕೂತು ಉಣ್ಣುವುದನ್ನು ರೂಢಿ ಮಾಡಿಕೊಂಡಿದ್ದರು. ಮಕ್ಕಳು ಆಡುವಂಥ ಲಾರಿಯೇನಲ್ಲ ಅದು. ಎಂಜಿನ್ ಇರುವ ತಲೆಭಾಗವೇ ಒಂದು ಗೇಣು, ಅದರ ಹಿಂದೆ ಮೊಳದುದ್ದದ ಟ್ರೇಲರ್. ಸುತ್ತಲೂ ಬ್ಲೇಡು, ಅಂಟು, ಮರಳುಕಾಗದ, ಬಣ್ಣ ತುಂಬಿದ ಮುಚ್ಚಳಗಳು, ಹಳೆಯ ಹಲ್ಲುಜ್ಜುವ ಬ್ರಷ್ಷು, ಸ್ಪಂಜಿನ ಚೂರುಗಳು. ಅದರಲ್ಲಿ ಯಾವುದನ್ನು ಒಂದು ಬೆರಳಿನಷ್ಟು ಸರಿಸಿದರೂ ಮನೆಯ ಯಜಮಾನರಿಗೆ, ಎಂದರೆ ಸೊಸೆಯ ಮಾವನಿಗೆ, ಗೊತ್ತಾಗುತ್ತಿತ್ತು. ಗೊತ್ತಾದರೆ ಆ ಹೊತ್ತಿನ ಊಟ ಯಾರ ಮೈಗೂ ಹತ್ತುತ್ತಿರಲಿಲ್ಲ.

ಮಾವ ಲಾರಿಗಳಿಗೆ ಬಾಡಿ ಕಟ್ಟುವ ಗ್ಯಾರೇಜಿನಲ್ಲಿ ಪೇಂಟರು. ಬಣ್ಣ ಬಳಿಯುವುದಲ್ಲದೆ ಲಾರಿಯ ಮೈಮೇಲೆ ಅಕ್ಷರ ಬರೆಯುವುದೂ ಅವರದೇ ಕೆಲಸವಾದ್ದರಿಂದ ಗ್ಯಾರೇಜಿನವರು ಅವರನ್ನು ಮೇಷ್ಟ್ರು ಎಂದು ಕರೆಯುತ್ತಿದ್ದರು. ಹೋದ ವರ್ಷ ಅವರ ಒಬ್ಬನೇ ಮಗ, ಸೊಸೆಯ ಗಂಡ, ಟ್ರೇಲರಿನ ತುಂಬ ಕಬ್ಬಿಣದ ಪೈಪು ಹೇರಿಕೊಂಡು ಹೊರಟವನು ದಾರಿಯಲ್ಲೇ ತೀರಿಕೊಂಡ. ಆ ಟ್ರೇಲರಿಗೆ ನೀಲಿ ಬಣ್ಣ ಬಳಿದವರೂ ಈ ಅಪ್ಪನೇ. ಸುದ್ದಿ ಬಂದ ದಿನದಿಂದ ಮೇಷ್ಟ್ರು ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. ಗೋಡೆ ನೋಡುತ್ತ ಕೂತೇ ಎಷ್ಟೋ ದಿನ ಕಳೆದರು. ಆಮೇಲೆ ಒಂದು ಬೆಳಿಗ್ಗೆ ಯಾವುದೋ ಅಂಗಡಿಯ ಹಳೆಯ ಪ್ಲಾಸ್ಟಿಕ್ ಬೋರ್ಡನ್ನು ಟೇಬಲ್ಲಿನ ಮೇಲೆ ಹಾಕಿ ಬ್ಲೇಡಿನಿಂದ ಕತ್ತರಿಸತೊಡಗಿದರು. ಸದ್ಯ, ಮನುಷ್ಯ ಎದ್ದು ಕೂತರಲ್ಲ, ಅಷ್ಟೇ ಸಾಕು ಅಂದುಕೊಂಡರು ಮನೆಯವರು. ಕತ್ತರಿಸಿದ್ದು ಏನು ಎಂದು ಗೊತ್ತಾಗುವ ಹೊತ್ತಿಗೆ ಟೇಬಲ್ಲು ಕೈತಪ್ಪಿ ಹೋಗಿತ್ತು.

"ನನ್ನ ಉಪ್ಪಿನ ಡಬ್ಬಿ ಎಲ್ಲಿ ಹೋಯ್ತು?" ಒಂದು ದಿನ ಅತ್ತೆ ಒಲೆಯ ಮುಂದಿನಿಂದ ಕೂಗಿದರು.

"ಇಲ್ಲಿದೆ ಕಣೇ. ಒಂದು ನಿಮಿಷ ತಾಳು," ಅಂದರು ಮಾವ.

"ಲಾರಿಗೂ ಉಪ್ಪು ಹಾಕ್ತೀರೇನ್ರೀ?"

"ತುಕ್ಕಿಗೆ ಬೇಕು."

ಮೊದಲು ಕಂದು ಬಣ್ಣ ಬಳಿದು, ಅದು ಒಣಗಿದ ಮೇಲೆ ಅಲ್ಲಲ್ಲಿ ಒದ್ದೆ ಮಾಡಿ ಉಪ್ಪು ಉದುರಿಸಿ, ಅದರ ಮೇಲೆ ನೀಲಿ ಬಣ್ಣ ಊದುವುದು. ಕೊನೆಗೆ ಉಪ್ಪನ್ನು ಬ್ರಷ್ಷಿನಿಂದ ಉಜ್ಜಿ ತೆಗೆದರೆ ಅಷ್ಟಷ್ಟು ಜಾಗದಲ್ಲಿ ಕೆಳಗಿನ ಕಂದು ಇಣುಕುತ್ತದೆ. ನೋಡಿದವರು ನಾಲ್ಕು ಮಳೆಗಾಲ ಕಂಡ ಗಾಡಿ ಎನ್ನಬೇಕು, ಹಾಗಿರುತ್ತದೆ.

"ಚೆನ್ನಾಗಿದೆ ಕಣಪ್ಪ," ಅಂದಳು ಮಗಳು. "ನಮ್ಮ ಊಟ ಸಪ್ಪೆ, ನಿನ್ನ ಲಾರಿ ಮಾತ್ರ ರುಚಿರುಚಿ."

ಈ ಮಗಳು, ಎಂದರೆ ಸೊಸೆಗೆ ನಾದಿನಿ, ಕಣ್ಣಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದಳು. ದಿನವಿಡೀ ಜನರ ಜೊತೆ ಒದರಿ ಒದರಿ ಅವಳ ಮಾತಿಗೆ ಒಂದು ಹರಿತ ಬಂದಿತ್ತು. ಅವಳ ತಮಾಷೆಗೆ ಯಾರೂ ನಗಲಿಲ್ಲ. ಆ ಮನೆಯಲ್ಲಿ ತಮಾಷೆ ಇನ್ನೂ ನಡೆಯುತ್ತಿತ್ತು, ಬಾಯಿಗೆ ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ, ಅಷ್ಟೇ.

ಸೊಸೆಯ ಪಾಡು ಬೇರೆ. ಲಾರಿಯ ಬಣ್ಣ, ಅಕ್ಷರ, ಅಳತೆ ಎಲ್ಲವೂ ಮಾವನಿಗೆ ಬಾಯಿಪಾಠ. ಆದರೆ ಗ್ಯಾರೇಜಿನಿಂದ ಹೊಸದಾಗಿ ಹೊರಟ ಮೇಲೆ ಅದು ಎಲ್ಲೆಲ್ಲಿ ಸವೆಯಿತು, ಎಲ್ಲಿ ತಗ್ಗು ಬಿತ್ತು ಎಂಬುದನ್ನು ಹತ್ತಿರದಿಂದ ಕಂಡವಳು ಅವಳೊಬ್ಬಳೇ. ಮದುವೆಯಾದ ಹೊಸತರಲ್ಲಿ ಎರಡು ಸಲ ಗಂಡನ ಪಕ್ಕ ಕೂತು ದೂರದೂರಕ್ಕೆ ಹೋಗಿಬಂದಿದ್ದಳು. ಹಾಗಾಗಿ ಮಾವ ಅವಳ ಬೆನ್ನು ಬಿಡುತ್ತಿರಲಿಲ್ಲ.

"ಅಮ್ಮಾ, ಬಾಗಿಲ ಹಿಡಿ ಹತ್ರ ಬಣ್ಣ ಹೋಗಿತ್ತಾ?"

"ಹೋಗಿತ್ತು ಮಾವ. ಅಂಗೈ ಅಗಲ."

"ಹತ್ತೋ ಮೆಟ್ಟಿಲು?"

"ನಡುವೆ ಬೆಳ್ಳಗೆ ಹೊಳೀತಿತ್ತು. ಬದಿಯಲ್ಲಿ ಮಣ್ಣು."

"ಎಂಥ ಮಣ್ಣು? ಕೆಂಪೋ, ಬೂದಿಯೋ?"

ಬಟ್ಟೆ ಹಿಂಡುತ್ತಿದ್ದರೂ ಸರಿ, ಕೆಲಸಕ್ಕೆ ಹೊರಟು ಚಪ್ಪಲಿಯಲ್ಲಿ ಕಾಲು ತೂರಿಸುತ್ತಿದ್ದರೂ ಸರಿ, ಅವಳು ಉತ್ತರ ಕೊಡುತ್ತಿದ್ದಳು. ಜನಗಣತಿಯವನು ಬಾಗಿಲಿಗೆ ಬಂದಾಗ ಕೊಡುವಂಥ ಉತ್ತರ. ಗಂಡ ಹೋದಾಗಲೂ ಅವಳು ಅತ್ತಿರಲಿಲ್ಲ. ಅಬ್ಬಾ, ಗಟ್ಟಿ ಹೆಂಗಸು ಎಂದು ಬೀದಿಯವರು ಆಡಿಕೊಂಡರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಮಗ್ಗುಲಡಿಗೆ ಸಿಕ್ಕ ಕೈ ಜೋಮು ಹಿಡಿಯುತ್ತದಲ್ಲ, ಹಾಗಾಗಿತ್ತು ಅವಳಿಗೆ.

ಸುದ್ದಿ ಬಂದ ದಿನ ಮಾವ ಹಾಸಿಗೆ ಬಿಟ್ಟು ಏಳಲಿಲ್ಲ, ಅತ್ತೆಯನ್ನು ನಾದಿನಿ ಹಿಡಿದುಕೊಂಡು ಕೂತಿದ್ದಳು. ಟ್ರಾನ್ಸ್‌ಪೋರ್ಟ್ ಆಫೀಸಿನ ಮ್ಯಾನೇಜರ ಜೊತೆ ಹೋಗಿ ಎಲ್ಲವನ್ನೂ ನೋಡಿ ಸಹಿ ಹಾಕಿ, ಅಲ್ಲೇ ಅಂತ್ಯಕ್ರಿಯೆಯನ್ನೂ ಮುಗಿಸಿ ಬಂದವಳು ಸೊಸೆಯೇ. ಮನೆಗೆ ಬಂದಾಗ ಅತ್ತೆ ಸ್ನಾನಕ್ಕೆ ನೀರು ಕಾಯಿಸಿಟ್ಟಿದ್ದರು. ಏನು ಕಂಡೆ ಎಂದು ಅವತ್ತೂ ಯಾರೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಅವಳು ಗಾರ್ಮೆಂಟ್ಸಿನಲ್ಲಿ ಅಂಗಿಗೆ ತೋಳು ಜೋಡಿಸುವ ಲೈನಿನವಳು. ಕಂಪನಿಯವರು ಇನ್ನೊಂದು ಊರಿನಲ್ಲಿ ಹೊಸ ಘಟಕ ತೆರೆಯುವವರಿದ್ದರು. ಅಲ್ಲಿಗೆ ಲೈನ್ ಸೂಪರ್‌ವೈಸರ್ ಆಗಿ ಬಾ, ಹಾಸ್ಟೆಲಿನಲ್ಲಿ ರೂಮು ಕೊಡುತ್ತೇವೆ ಎಂದಿದ್ದರು. ಅವಳಿಗೆ ಹೋಗಬೇಕಿತ್ತು. ಸಂಬಳಕ್ಕಿಂತ ಹೆಚ್ಚಾಗಿ, ಆ ಊರಿನಲ್ಲಿ ಲಾರಿಯ ಮೆಟ್ಟಿಲಿನ ಮಣ್ಣು ಯಾವ ಬಣ್ಣದ್ದು ಎಂದು ಕೇಳುವವರಿರಲಿಲ್ಲ.

ಅತ್ತೆಗೆ ವಿಷಯ ಹೇಳಿದಾಗ ಅವರು ಕೈಯಲ್ಲಿದ್ದ ಈರುಳ್ಳಿಯನ್ನು ಕೆಳಗಿಟ್ಟರು.

"ಹೋಗು. ಬೇಡ ಅನ್ನೋಕೆ ನಾನ್ಯಾರು? ಆದ್ರೆ ಈಗಲೇ ಅವರಿಗೆ ಹೇಳ್ಬೇಡ. ನೀನು ಹೋಗ್ತೀಯ ಅಂದ್ರೆ ಮನುಷ್ಯ ಮತ್ತೆ ಗೋಡೆ ನೋಡ್ಕೊಂಡು ಕೂತ್ಬಿಡ್ತಾರೆ. ಲಾರಿ ಒಂದು ಮುಗೀಲಿ. ಆಮೇಲೆ ನಾನೇ ಹೇಳ್ತೀನಿ."

"ಎಷ್ಟು ದಿನ ಆಗಬಹುದು ಅತ್ತೆ?"

"ಇನ್ನೇನಿದೆ? ಬರೀ ಕೊಳೆ ಬಳಿಯೋದು ತಾನೇ."

ಸರಿ ಎಂದು ಸೊಸೆ ಒಪ್ಪಿಕೊಂಡಳು. ಒಪ್ಪಿಕೊಂಡು ಕೈ ಕಟ್ಟಿ ಕೂರದೆ ಲಾರಿ ಬೇಗ ಮುಗಿಯಲಿ ಎಂದು ಟೊಂಕ ಕಟ್ಟಿ ನಿಂತಳು. ಕೇಳುವ ಮೊದಲೇ ಮರಳುಕಾಗದ ತಂದಳು. ಕಾರ್ಖಾನೆಯಿಂದ ಟಾರ್ಪಾಲಿಗೆ ಹೊಂದುವ ಬಟ್ಟೆಯ ತುಂಡು ತಂದು ಅಂಚು ಹೊಲಿದುಕೊಟ್ಟಳು. ಬೀದಿಯ ಧೂಳನ್ನು ಬಾಚಿ ತಂದು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ಪೌಡರಿನಷ್ಟು ನುಣುಪು ಮಾಡಿಕೊಟ್ಟಳು. ಅವತ್ತು ಸಂಜೆಯ ಚಹಾದಲ್ಲಿ ಎಲ್ಲರ ಹಲ್ಲಿಗೂ ಕರಕರ ಸಿಕ್ಕಿತು.

"ಅತ್ತಿಗೆ, ನೀನೂ ಈ ಪಾರ್ಟಿ ಸೇರ್ಕೊಂಡ್ಯಾ?" ನಾದಿನಿ ಲೋಟವನ್ನು ದೂರ ತಳ್ಳಿದಳು. "ಗ್ಯಾರೇಜಲ್ಲಿ ದೊಡ್ಡ ಲಾರಿನೇ ತಿಂಗಳಿಗೆ ಮುಗಿಸಿ ಕಳಿಸ್ತಾರೆ. ಇದು ಅದೆಂಥ ಲಾರಿನೋ."

"ಗ್ಯಾರೇಜಲ್ಲಿ ಬರೀ ಹೊಸದು ಮಾಡ್ತೀವಿ," ಅಂದರು ಮಾವ. "ಹಳೇದು ಮಾಡೋದು ಕಷ್ಟ."

ಕೊನೆಗೊಂದು ಭಾನುವಾರ ಅವರು ಬ್ರಷ್ಷು ತೊಳೆದು ತಲೆಕೆಳಗಾಗಿ ಲೋಟದಲ್ಲಿ ನಿಲ್ಲಿಸಿದರು. ಮುಗೀತು ಎಂದರು. ನಿಜಕ್ಕೂ ಕಣ್ಣು ಕೀಳಲಾಗದ ಹಾಗಿತ್ತು ಆ ಲಾರಿ. ಡೀಸೆಲ್ ಟ್ಯಾಂಕಿನ ಬಾಯಿಂದ ಇಳಿದ ಎಣ್ಣೆಯ ಕರೆ, ಚಕ್ರದ ಹಿಂದೆ ಚಿಮ್ಮಿದ ಕೆಸರು, ವೈಪರ್ ಆಡಿದಷ್ಟು ಜಾಗ ಮಾತ್ರ ಸ್ವಚ್ಛವಾದ ಗಾಜು. ನಾದಿನಿ ಸುಮ್ಮನೆ ಫೋನಿನಲ್ಲಿ ಫೋಟೋ ತೆಗೆದಳು. ಅತ್ತೆ ಅಡುಗೆಮನೆಯ ಬಾಗಿಲಿನಿಂದಲೇ ನೋಡಿ ಒಳಗೆ ಹೋದರು. ಸೊಸೆ ಆ ರಾತ್ರಿ ತಗಡಿನ ಟ್ರಂಕು ತೆಗೆದು ಒರೆಸಿಟ್ಟಳು.

ಬೆಳಿಗ್ಗೆ ಎದ್ದರೆ ಮಾವ ಮತ್ತೆ ಟೇಬಲ್ಲಿನ ಮುಂದೆ.

"ಮುಗೀತು ಅಂದ್ರಲ್ಲ ಮಾವ?"

"ಮುಗೀತು. ಮಡ್‌ಗಾರ್ಡ್ ಹತ್ರ ಚೂರು ಬಾಕಿ."

ಆ ಚೂರು ಒಂದು ವಾರ ಹಿಡಿಯಿತು. ಆಮೇಲೆ ಟಾರ್ಪಾಲು ಬಿಸಿಲಿಗೆ ಮಾಸಬೇಕೆಂದರು. ಆಮೇಲೆ ಹಿಂದಿನ ನಂಬರ್ ಪ್ಲೇಟಿನ ಅಕ್ಷರ ಕೆರೆದರು. ಕಾರ್ಖಾನೆಯ ಮ್ಯಾನೇಜರು ಹೂಂ ಅಂತೀಯೋ, ಊಹೂಂ ಅಂತೀಯೋ ಹೇಳಿಬಿಡಮ್ಮ, ಕಾದಿರುವವರು ಬೇಕಾದಷ್ಟಿದ್ದಾರೆ ಎಂದು ಎರಡು ಸಲ ಕೇಳಿ ಆಗಿತ್ತು. ಅತ್ತೆಯನ್ನು ನೋಡಿದರೆ ಅತ್ತೆ, ಮುಗೀಲಿ ಬಿಡು, ಎಂದಷ್ಟೇ ಹೇಳಿ ಪಾತ್ರೆ ತೊಳೆಯುತ್ತಿದ್ದರು.

ಮನೆಯಲ್ಲಿ ಜಗಳ ಹತ್ತಿಕೊಂಡದ್ದು ಬೇರೆ ಕಾರಣಕ್ಕೆ. ನಾದಿನಿಯ ಗೆಳತಿಯರು ಊಟಕ್ಕೆ ಬರುವವರಿದ್ದರು.

"ಅಪ್ಪ, ಒಂದೇ ಒಂದು ಹೊತ್ತು ಆ ಲಾರಿನ ಕಪಾಟಿನ ಮೇಲಿಡು."

"ಆಗಲ್ಲ. ಇನ್ನೂ ಹಸಿ ಇದೆ."

"ಯಾವಾಗ ಒಣಗಿತ್ತು ಅದು? ದಿನಾ ಹಸಿ. ಬಂದವರನ್ನ ಒಲೆ ಪಕ್ಕ ಕೂರಿಸಿ ಬಡಿಸ್ಲಾ?"

"ಕೂರ್ಸು. ನಾವೆಲ್ಲ ಕೂರಲ್ವಾ?"

"ನಾವು ಕೂರ್ತೀವಿ. ಯಾಕೆ ಗೊತ್ತಾ? ಅಣ್ಣ ಸತ್ತ ಅಂತ. ಬಂದವರು ಏನು ಪಾಪ ಮಾಡಿದಾರೆ?"

ಸತ್ತ ಎಂಬ ಮಾತನ್ನು ಆ ಮನೆಯಲ್ಲಿ ಅಷ್ಟು ಬಿಡಿಸಿ ಯಾರೂ ಆಡಿರಲಿಲ್ಲ. ಮಾವ ತಲೆ ಎತ್ತದೆ ಬ್ರಷ್ಷಿನ ತುದಿಯನ್ನು ಬಟ್ಟೆಯಲ್ಲಿ ಒರೆಸಿದರು. ನಾದಿನಿ ಗೆಳತಿಯರಿಗೆ ಬರಬೇಡಿ ಎಂದು ಫೋನ್ ಮಾಡಿದಳು. ಹೆಚ್ಚಿಟ್ಟ ಆಲೂಗಡ್ಡೆಯನ್ನು ನಾಲ್ವರೇ ಎರಡು ದಿನ ತಿಂದರು.

ಅದಾದ ಮೇಲೆ ಒಂದು ಸಂಜೆ ಸೊಸೆ ಕೆಲಸದಿಂದ ಬಂದಾಗ ಮಾವ ಲಾರಿಯನ್ನು ಅಂಗಾತ ಮಲಗಿಸಿ ಟೈರುಗಳನ್ನು ಮರಳುಕಾಗದದಿಂದ ಉಜ್ಜುತ್ತಿದ್ದರು. ಮೊದಲು ಬ್ಲೇಡಿನಲ್ಲಿ ಒಂದೊಂದೇ ಗೆರೆ ಕೊರೆದು ಮಾಡಿದ್ದ ಟೈರುಗಳು. ಅರ್ಧದಷ್ಟು ಆಗಲೇ ಬೋಳಾಗಿದ್ದವು.

"ಮಾವ, ಟೈರು ಹೊಸದಿತ್ತು," ಅಂದಳು. "ಹೋಗೋ ಮುಂಚೆ ತಾನೇ ಎಲ್ಲಾ ಬದಲಾಯಿಸಿದ್ರು. ನಾನು ಅವತ್ತೇ ಹೇಳಿದ್ನಲ್ಲ."

"ಹೇಳಿದ್ದೆ."

"ಮತ್ತೆ?"

"ಆಗ ಹೊಸದು ಕಣಮ್ಮ. ಆಮೇಲೆ ಎಷ್ಟು ಓಡಿದೆ? ವರ್ಷ ಆಗ್ತಾ ಬಂತು. ಪೈಪಿನ ಲೋಡು ಬೇರೆ. ಇಷ್ಟೊತ್ತಿಗೆ ಗೆರೆ ಉಳಿಯುತ್ತಾ?"

ಮಾತು ಎಷ್ಟು ಸಹಜವಾಗಿತ್ತೆಂದರೆ ಅವಳಿಗೆ ಒಂದು ಕ್ಷಣ ಅದೂ ಸರಿಯೇ ಅನ್ನಿಸಿತು. ಆಮೇಲೆ ಅರ್ಥವಾಯಿತು. ಮಡ್‌ಗಾರ್ಡು, ಟಾರ್ಪಾಲು, ನಂಬರ್ ಪ್ಲೇಟು, ಎಲ್ಲದರ ಅರ್ಥವೂ ಒಟ್ಟಿಗೇ ಆಯಿತು. ಲಾರಿ ಅಂದು ಹೇಗಿತ್ತೋ ಹಾಗೆ ಅವರು ಮಾಡುತ್ತಿರಲಿಲ್ಲ. ಇವತ್ತಿಗೆ ಹೇಗಿರುತ್ತಿತ್ತೋ ಹಾಗೆ ಮಾಡುತ್ತಿದ್ದರು. ಅವರ ಲೆಕ್ಕದಲ್ಲಿ ಅದು ಇನ್ನೂ ಓಡುತ್ತಿತ್ತು. ಓಡುವ ಗಾಡಿಗೆ ದಿನವೂ ಒಂದಿಷ್ಟು ಧೂಳು ಕೂರಲೇಬೇಕು, ಮುಗಿಯುವುದೆಂದರೇನು?

ಅವಳು ಸೀದಾ ಅಡುಗೆಮನೆಗೆ ಹೋದಳು. ಅತ್ತೆ ತಟ್ಟೆಯಲ್ಲಿ ಬೇಳೆ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು.

"ಅತ್ತೆ, ಲಾರಿ ಮುಗಿಯಲ್ಲ."

ಅತ್ತೆ ಇನ್ನೊಂದು ಹಿಡಿ ಬೇಳೆಯನ್ನು ತಮ್ಮ ಕಡೆ ಎಳೆದುಕೊಂಡರು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನನಗೆ ಹೇಳುವಾಗಲೇ ಗೊತ್ತಿತ್ತಾ?"

"ಹೂಂ." ಅತ್ತೆ ಒಂದು ಕಲ್ಲು ಹೆಕ್ಕಿ ಬದಿಗಿಟ್ಟರು. "ಗೊತ್ತಿದ್ದೇ ಹೇಳಿದೆ. ಬಯ್ಯೋದಿದ್ರೆ ಬೈದುಬಿಡು."

ಸೊಸೆಗೆ ಸಿಟ್ಟು ಬಂತು. ಎಷ್ಟೋ ತಿಂಗಳ ಮೇಲೆ ಅವಳಿಗೆ ಏನಾದರೊಂದು ಬಂದಿದ್ದು ಅದೇ ಮೊದಲು.

"ನಾನು ಧೂಳು ಸೋಸಿ ಸೋಸಿ ಕೊಟ್ಟೆ. ನೋಡ್ತಾ ಇದ್ರಲ್ಲ ನೀವು."

"ನೋಡ್ತಾ ಇದ್ದೆ. ನಿನಗಾದ್ರೆ ಹೋಗೋಕೆ ಇನ್ನೊಂದು ಊರಿದೆ. ನಾನೆಲ್ಲಿಗೆ ಹೋಗ್ಲಿ? ಸಂಜೆ ನೀನು ಬಂದು ಬಾಗಿಲ ಹತ್ರ ಚಪ್ಪಲಿ ಬಿಡೋ ಸದ್ದಾಗುತ್ತಲ್ಲ, ಆಗ ಹಿಂದೇನೇ ಅವನೂ ಬಂದ ಅನ್ಸುತ್ತೆ ನಂಗೆ. ಒಂದು ಗಳಿಗೆ. ಅದೂ ಹೋಗ್ಬೇಕಾ?"

"ನಾನು ಒಬ್ಬಳೇ ಬರ್ತೀನಿ ಅತ್ತೆ. ದಿನಾ ಒಬ್ಬಳೇ ಬರ್ತೀನಿ."

ಅತ್ತೆ ಬೇಳೆಯ ತಟ್ಟೆಯನ್ನು ಸುಮ್ಮನೆ ಎರಡು ಸಲ ಕುಲುಕಿದರು. ಸೊಸೆ ಅಲ್ಲಿ ನಿಲ್ಲದೆ ವಾಪಸು ಬಂದು ಟೇಬಲ್ಲಿನ ಎದುರಿನ ಕುರ್ಚಿ ಎಳೆದು ಕೂತಳು. ಆ ಕುರ್ಚಿಯಲ್ಲಿ ಯಾರೂ ಕೂರದೆ ಬಹಳ ದಿನವಾಗಿತ್ತು. ಆಗಷ್ಟೇ ಆಸ್ಪತ್ರೆಯಿಂದ ಬಂದ ನಾದಿನಿ ಚೀಲ ಇಳಿಸದೆ ಬಾಗಿಲಲ್ಲೇ ನಿಂತಳು.

"ಮಾವ, ಆ ಲಾರಿನ ನಾನು ನೋಡಿದೀನಿ."

"ಗೊತ್ತಲ್ಲಮ್ಮ. ಎರಡು ಸಲ ಹೋಗಿದ್ದೆ."

"ಅದಲ್ಲ. ಆಮೇಲೆ ನೋಡಿದೀನಿ. ಪೊಲೀಸ್ ಠಾಣೆ ಹಿಂದಿನ ಮೈದಾನದಲ್ಲಿ ನಿಲ್ಲಿಸಿದ್ರು."

ಮರಳುಕಾಗದ ಉಜ್ಜುವ ಸದ್ದು ನಿಂತಿತು.

"ಮುಂದಿನಿಂದ ನೋಡಿದ್ರೆ ಏನೂ ಆಗಿರಲಿಲ್ಲ," ಅಂದಳು. "ದೀಪ ಒಡೆದಿರಲಿಲ್ಲ. ನೀವು ಬರೆದ ಅಕ್ಷರ ಹಾಗೇ ಇತ್ತು. ನಂಗೆ ಒಂದು ಗಳಿಗೆ ಇವರೆಲ್ಲ ಸುಳ್ಳು ಹೇಳಿ ಕರ್ಕೊಂಡು ಬಂದಿದಾರೆ ಅನ್ನಿಸ್ತು. ಏನೋ ಅಡ್ಡ ಬಂದಿತ್ತಂತೆ, ಬ್ರೇಕ್ ಹಾಕಿದಾರೆ. ಲಾರಿ ನಿಂತಿತು ಮಾವ. ಪೈಪು ನಿಲ್ಲಲಿಲ್ಲ."

"ಹಿಂದಿನಿಂದ," ಅಂದರು ಮಾವ.

"ಹಿಂದಿನಿಂದ. ಕ್ಯಾಬಿನ್ನಿನ ಹಿಂಬದಿ ಇರಲೇ ಇಲ್ಲ."

"ಕಟ್ಟಿರಲಿಲ್ವಾ ಲೋಡು?"

"ಕಟ್ಟಿದ್ರಂತೆ. ಬಿಗಿ ಸಾಲಲಿಲ್ಲ ಅಂದ್ರು."

ಮಾವ ಒಂದು ಬೆರಳಿನಿಂದ ಪುಟ್ಟ ಕ್ಯಾಬಿನ್ನಿನ ಹಿಂಬದಿಯನ್ನು ಮುಟ್ಟಿದರು. ಅಲ್ಲಿ ಅವರು ತೀಡಿ ತೀಡಿ ಮಾಡಿದ ಕಿಟಕಿಯಿತ್ತು, ಅದರ ಗಾಜಿಗೂ ತೆಳ್ಳಗೆ ಧೂಳು ಹಾಕಿದ್ದರು.

"ಟೈರು?" ಎಂದು ಕೇಳಿದರು.

"ಹೊಸದಾಗೇ ಇದ್ವು. ಸಣ್ಣ ಸಣ್ಣ ರಬ್ಬರ್ ಎಳೆ ಕೂಡ ಉದುರಿರಲಿಲ್ಲ."

ಮಾವ ಒಂದೊಂದಾಗಿ ಚಕ್ರಗಳನ್ನು ಅಚ್ಚಿನಿಂದ ಎಳೆದು ತೆಗೆದರು. ಬೇಗ ಬೇಗ ತೆಗೆಯಲಿಲ್ಲ, ನಿಧಾನವೂ ಮಾಡಲಿಲ್ಲ, ಗ್ಯಾರೇಜಿನಲ್ಲಿ ಕೆಲಸ ಮಾಡುವ ಹಾಗೆಯೇ ತೆಗೆದರು. ತೆಗೆದು ಬಣ್ಣದ ಮುಚ್ಚಳಗಳ ಪಕ್ಕ ಗುಡ್ಡೆ ಹಾಕಿದರು. ಚಕ್ರವಿಲ್ಲದ ಲಾರಿ ಟೇಬಲ್ಲಿನ ಮೇಲೆ ಹೊಟ್ಟೆಯೂರಿ ಕೂತಿತು.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಅವನು ಹೇಗಿದ್ದ?" ಅಂದರು.

ಸೊಸೆ ತಿರುಗಿ ನೋಡಿದಳು.

"ಮಲಗಿಸಿದ್ರು ಅತ್ತೆ. ಮುಖಕ್ಕೆ ಏನೂ ಆಗಿರಲಿಲ್ಲ. ಗಡ್ಡ ಬಂದಿತ್ತು."

"ಹೊರಡೋವಾಗಲೇ ಹೇಳಿದ್ದೆ, ಗಡ್ಡ ಬೋಳಿಸ್ಕೊಂಡು ಹೋಗೋ ಅಂತ," ಎಂದರು ಅತ್ತೆ. ಹಾಗೆಯೇ ಬಾಗಿಲ ಚೌಕಟ್ಟು ಹಿಡಿದು ನೆಲಕ್ಕೆ ಕುಸಿದು ಕೂತು ದೊಡ್ಡ ದನಿ ತೆಗೆದು ಅತ್ತರು. ನಾದಿನಿ ಹೋಗಿ ಪಕ್ಕದಲ್ಲಿ ಕೂತು ತಾನೂ ಅತ್ತಳು. ಮಾವ ತಮ್ಮ ಕೈಗಳನ್ನು ನೋಡುತ್ತ ಕೂತಿದ್ದರು. ಸೊಸೆಗೆ ಮಾತ್ರ ಅಳು ಬರಲಿಲ್ಲ. ಎದ್ದು ಒಲೆಯ ಮೇಲೆ ಅನ್ನಕ್ಕೆ ನೀರಿಟ್ಟಳು.

ಊಟದ ಹೊತ್ತಿಗೆ ಅತ್ತೆ ಮೂಗು ಒರೆಸಿಕೊಂಡು ಗಂಡನಿಗೆ ಹೇಳಿದರು:

"ಇವಳಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ಹೋಗ್ಬೇಕಂತೆ. ನಾನೇ ತಡೆದಿಟ್ಟಿದ್ದೆ."

ಮಾವ ತುತ್ತು ನುಂಗಿದರು.

"ಯಾವಾಗ?"

"ಒಂದನೇ ತಾರೀಕಿಗೆ ಬಾ ಅಂದಿದಾರೆ ಮಾವ."

"ಆಗಲಿ," ಎಂದರು. ಮತ್ತೆ ಸ್ವಲ್ಪ ಅನ್ನ ಹಾಕಿಸಿಕೊಂಡರು.

ಆಮೇಲೆ ಅವರು ಲಾರಿಯನ್ನು ಮುಟ್ಟಲಿಲ್ಲ. ಒಡೆಯಲೂ ಇಲ್ಲ, ಚಕ್ರ ಹಾಕಲೂ ಇಲ್ಲ. ನಾದಿನಿ ಹೆದರಿ ಹೆದರಿ ಅದನ್ನು ಎತ್ತಿ ಕಪಾಟಿನ ಮೇಲಿಟ್ಟಾಗ ಏನೂ ಅನ್ನಲಿಲ್ಲ. ಬರಿದಾದ ಟೇಬಲ್ಲಿನ ಮುಂದೆ ಅದೇ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಊಟ ಮಾತ್ರ ಇನ್ನೂ ನೆಲದ ಮೇಲೆಯೇ ನಡೆಯುತ್ತಿತ್ತು, ಮೇಲೆ ಕೂರೋಣ ಎಂದು ಯಾರಿಗೂ ಹೊಳೆಯಲಿಲ್ಲ. ಮಾಡಬಾರದ್ದು ಮಾಡಿದೆನೇನೋ ಎಂದು ಸೊಸೆ ಒಂದೆರಡು ಸಲ ಅಂದುಕೊಂಡಳು. ಅಂದುಕೊಂಡರೂ ಮನಸ್ಸಿಗೆ ತಾಗಲಿಲ್ಲ. ಮ್ಯಾನೇಜರಿಗೆ ಹೂಂ ಎಂದಳು, ಬಟ್ಟೆ ಒಗೆದು ಮಡಚಿ ಟ್ರಂಕಿಗೆ ತುಂಬಿದಳು.

ಹೊರಡುವ ಹಿಂದಿನ ದಿನ ಮಾವ ಶರ್ಟು ಹಾಕಿಕೊಂಡು ಹೇಳದೆ ಕೇಳದೆ ಎಲ್ಲೋ ಹೋದರು. ಅತ್ತೆ ಬೀದಿ ತುದಿಯವರೆಗೂ ಹೋಗಿ ನೋಡಿ ಬಂದರು. ಎಷ್ಟೋ ಹೊತ್ತಿನ ಮೇಲೆ ಅವರು ಗ್ಯಾರೇಜಿನಿಂದ ಒಂದು ಸುರುಳಿ ಹಗ್ಗ ಹೆಗಲಿಗೆ ಹಾಕಿಕೊಂಡು ವಾಪಸಾದರು. ಲಾರಿಗೆ ಲೋಡು ಕಟ್ಟುವ ದಪ್ಪ ಹಗ್ಗ.

"ಇಷ್ಟು ದಪ್ಪ ಯಾಕಪ್ಪ? ಟ್ರಂಕಲ್ಲಿ ಬರೀ ಬಟ್ಟೆ ಇರೋದು," ಅಂದಳು ನಾದಿನಿ.

"ಇರಲಿ."

ಟ್ರಂಕಿನ ಮೇಲೆ ಹಾಸಿಗೆಯ ಸುರುಳಿ ಇಟ್ಟು ಮಂಡಿಯೂರಿ ಕಟ್ಟತೊಡಗಿದರು. ಉದ್ದಕ್ಕೊಂದು ಸುತ್ತು, ಅಡ್ಡಕ್ಕೊಂದು ಸುತ್ತು, ಕಾಲು ಕೊಟ್ಟು ಜಗ್ಗಿ ಗಂಟು, ಗಂಟಿನ ಮೇಲೆ ಗಂಟು. ಕಟ್ಟಿ ಮುಗಿಸಿ ಎತ್ತಿ ಅಲ್ಲಾಡಿಸಿ ನೋಡಿ, ಸಮಾಧಾನವಾಗದೆ ಎಲ್ಲವನ್ನೂ ಬಿಚ್ಚಿ ಮತ್ತೆ ಮೊದಲಿನಿಂದ ಕಟ್ಟಿದರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಅತ್ತೆ ಸಾಕು ಬಿಡ್ರೀ ಎನ್ನಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು.

ಬಸ್ ನಿಲ್ದಾಣಕ್ಕೂ ಅವರೇ ಬಂದರು. ಬಸ್ಸಿನ ಹೊಟ್ಟೆಯಲ್ಲಿ ಸಾಮಾನು ಇಡುವ ಗೂಡಿಗೆ ತಾವೇ ಅರ್ಧ ತೂರಿಕೊಂಡು ಟ್ರಂಕನ್ನು ಅಲ್ಲಿನ ಕಬ್ಬಿಣದ ಸರಳಿಗೆ ಬಿಗಿದರು.

"ಏನು ಯಜಮಾನ್ರೇ, ಟ್ರಂಕು ಎದ್ದು ಓಡಿಹೋಗುತ್ತಾ?" ಎಂದ ಕ್ಲೀನರು.

ಮಾವ ಗಂಟನ್ನು ಇನ್ನೊಮ್ಮೆ ಜಗ್ಗಿ ನೋಡಿದರು. ಗೂಡಿನಿಂದ ಹೊರಗೆ ಬಂದು ಕೈ ಒರೆಸಿಕೊಂಡು ಸೊಸೆಗೆ ಹೇಳಿದರು:

"ಜಾರಲ್ಲ. ನೋಡಿದೀನಿ."

"ಹೂಂ ಮಾವ."

"ಇಳಿದ ಮೇಲೆ ಸರಳಿನ ಗಂಟು ಮಾತ್ರ ಬಿಚ್ಚಿಸ್ಕೋ. ಉಳಿದದ್ದು ರೂಮಲ್ಲಿ."

ಬಸ್ಸು ಹೊರಟಾಗ ಅವರು ಕಿಟಕಿಯಲ್ಲಿದ್ದ ಅವಳನ್ನು ನೋಡಲಿಲ್ಲ. ಬಗ್ಗಿ ಕೆಳಗಿನ ಗೂಡಿನ ಬಾಗಿಲನ್ನೇ ನೋಡುತ್ತಿದ್ದರು.

ಹಾಸ್ಟೆಲಿನ ರೂಮಿನಲ್ಲಿ ಎರಡು ಮಂಚ, ಒಂದು ಕಿಟಕಿ, ಒಂದು ಬಕೆಟ್ಟು. ಅಲ್ಲಿ ಆಗಲೇ ಇದ್ದ ಗುಂಡಿ ಹೊಲಿಯುವ ವಿಭಾಗದ ಹೆಂಗಸು, ನೀರು ಬೆಳಿಗ್ಗೆ ಬೇಗ ನಿಲ್ಲುತ್ತದೆ, ಮೊದಲೇ ಹಿಡಿದಿಟ್ಟುಕೊಳ್ಳಬೇಕು ಎಂದಳು. ಸೊಸೆ ತಲೆಯಾಡಿಸಿ ನೆಲದ ಮೇಲೆ ಕೂತು ಹಗ್ಗಕ್ಕೆ ಕೈ ಹಾಕಿದಳು. ಗಂಟು ಅಲ್ಲಾಡಲಿಲ್ಲ. ಉಗುರು ತೂರಿಸಿದಳು, ತೂರಲಿಲ್ಲ. ಹಲ್ಲು ಹಾಕಿ ಎಳೆದಳು.

"ಅಯ್ಯೋ, ಒಳಗೇನಿದೆ ಅಂತ ಹೀಗೆ ಕಟ್ಟಿದಾರೆ?"

"ಬಟ್ಟೆ."

"ಚಾಕು ಕೊಡ್ತೀನಿ ತಾಳಿ. ಕೊಯ್ದು ಬಿಸಾಕಿ."

"ಬೇಡ," ಎಂದಳು ಸೊಸೆ. "ಬಿಚ್ಚುತ್ತೆ."

ಬಹಳ ಹೊತ್ತು ಒದ್ದಾಡಿದ ಮೇಲೆ ಮೊದಲನೆಯ ಗಂಟು ಸಡಿಲವಾಯಿತು. ಅದರ ಕೆಳಗೆ ಇನ್ನೊಂದಿತ್ತು, ಅಷ್ಟೇ ಬಿಗಿ. ಅದರ ಮೇಲೆ ಬೆರಳಿಟ್ಟಾಗ ಅವಳಿಗೆ ಅಳು ಬಂತು. ಹಗ್ಗ ಬಿಡದೆ ಟ್ರಂಕಿನ ಮೇಲೆ ತಲೆಯಿಟ್ಟು ಅತ್ತಳು.

ಗುಂಡಿಯ ಹೆಂಗಸು ಗಾಬರಿಯಾಗಿ ಪಕ್ಕಕ್ಕೆ ಬಂದು ಕೂತಳು.

"ಯಾಕ್ರೀ? ಬೆರಳಿಗೆ ಏನಾದ್ರೂ ಆಯ್ತಾ?"

"ಇಲ್ಲ," ಎಂದಳು ಸೊಸೆ. "ತುಂಬ ಬಿಗಿಯಾಗಿ ಕಟ್ಟಿದಾರೆ."